ನೋಟರ್ ಡೇಮ್ 1924: ನಾಲ್ವರು ಕುದುರೆ ಸವಾರರು ಮತ್ತು ಆ ‘ಶಿಫ್ಟ್’

ಇದು ಅಮೆರಿಕನ್ ಫುಟ್‌ಬಾಲ್ ಆಡುವ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡದ ಕಥೆ. ಮೊದಲು, ಮುಂದಿನ ಸಾಲಿನ ಹಿಂದೆ ನಿಂತು ಚೆಂಡು ಹಿಡಿದು ಓಡುವ ನಾಲ್ವರ ಹೆಸರುಗಳು. ಕ್ವಾರ್ಟರ್‌ಬ್ಯಾಕ್ ಹ್ಯಾರಿ ಸ್ಟುಲ್‌ಡ್ರೆಹರ್, ಎಡ ಹಾಫ್‌ಬ್ಯಾಕ್ ಜಿಮ್ ಕ್ರೌಲಿ, ಬಲ ಹಾಫ್‌ಬ್ಯಾಕ್ ಡಾನ್ ಮಿಲ್ಲರ್, ಫುಲ್‌ಬ್ಯಾಕ್ ಎಲ್ಮರ್ ಲೇಡನ್. ಕೋಚ್ ಕ್ನೂಟ್ ರಾಕ್ನಿ. 1924ರ ಋತುವಿನಲ್ಲಿ ಹತ್ತು ಪಂದ್ಯ, ಹತ್ತೂ ಗೆಲುವು.

ಅಕ್ಟೋಬರ್ 18ರಂದು ನ್ಯೂಯಾರ್ಕಿನಲ್ಲಿ ಆರ್ಮಿ (ಅಮೆರಿಕದ ಸೇನಾ ಅಕಾಡೆಮಿ) ತಂಡವನ್ನು 13-7ರಿಂದ ಸೋಲಿಸಿದರು. ಪತ್ರಕರ್ತ ಗ್ರಾಂಟ್‌ಲ್ಯಾಂಡ್ ರೈಸ್ ಆ ವರದಿಯಲ್ಲಿ ಇವರನ್ನು ಬೈಬಲ್ಲಿನಲ್ಲಿ ವಿನಾಶ ತರುವ ನಾಲ್ವರು ಕುದುರೆ ಸವಾರರಿಗೆ ಹೋಲಿಸಿದ. ಆಮೇಲೆ ಜಾರ್ಜ್ ಸ್ಟ್ರಿಕ್ಲರ್ ಎಂಬ ವಿದ್ಯಾರ್ಥಿ ನಾಲ್ವರನ್ನೂ ನಿಜವಾದ ಕುದುರೆಗಳ ಮೇಲೆ ಕೂರಿಸಿ ಫೋಟೋ ತೆಗೆಸಿದ. ಹೆಸರು ಅಲ್ಲಿಗೆ ಗಟ್ಟಿಯಾಯಿತು.

ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಇವರಲ್ಲಿ ಒಬ್ಬರೂ 75 ಕಿಲೋ ತೂಗುತ್ತಿರಲಿಲ್ಲ. ಇಷ್ಟು ಹಗುರದವರು ಗೋಡೆಯಂಥ ಎದುರಾಳಿಗಳನ್ನು ದಾಟಿದ್ದು ಹೇಗೆ? ಉತ್ತರ ‘ಶಿಫ್ಟ್’ ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಶಿಫ್ಟ್ ಅಂದರೆ ಸುಮ್ನೆ ಜಾಗ ಬದಲಿಸುವುದು ಅಲ್ವಾ, ಅದರಿಂದೇನು ಲಾಭ? ಎರಡು ದಿನ ಇಲ್ಲೇ ಸಿಕ್ಕಿಕೊಂಡೆ.

ಕೊನೆಗೆ ಹುಣಸೆ ಬೀಜ ತಂದು ಮೇಜಿನ ಮೇಲೆ ಜೋಡಿಸಿದೆ. ನೀವೂ ಮಾಡಿ ನೋಡಿ. ಮುಂದೆ ಏಳು ಬೀಜ ಸಾಲಾಗಿ. ನಡುವಿನದು ಸೆಂಟರ್, ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವವನು. ಅದರ ಬೆನ್ನಿಗೆ ಒಂದು ಬೀಜ, ಸ್ಟುಲ್‌ಡ್ರೆಹರ್. ಅವನ ಹಿಂದೆ ಮೂರು ಬೀಜ ಅಡ್ಡ ಸಾಲಿನಲ್ಲಿ: ಕ್ರೌಲಿ, ಲೇಡನ್, ಮಿಲ್ಲರ್. ಈಗ ಕೂಗು ಬಿತ್ತು. ನಾಲ್ವರೂ ಒಟ್ಟಿಗೆ ಬಲಕ್ಕೆ ಜಿಗಿಯುತ್ತಾರೆ. ಮಿಲ್ಲರ್ ಸಾಲಿನ ಬಲ ತುದಿಗೆ, ಸ್ಟುಲ್‌ಡ್ರೆಹರ್ ಸ್ವಲ್ಪ ಬಲಕ್ಕೆ, ಉಳಿದಿಬ್ಬರು ಹಿಂದೆ. ನಾಲ್ಕು ಬೀಜ ಒಂದು ಚೌಕದ ನಾಲ್ಕು ಮೂಲೆಯಾಗುತ್ತವೆ. ಇದನ್ನೇ ‘ಬಾಕ್ಸ್’ ಅನ್ನುತ್ತಾರೆ.

ಬೀಜ ಸರಿಸುವಾಗಲೇ ನನಗೆ ಹೊಳೆದದ್ದು: ಗುಟ್ಟು ಚೌಕದಲ್ಲಿಲ್ಲ, ಹೊತ್ತಿನಲ್ಲಿದೆ. ಕಾಲು ನೆಲಕ್ಕೆ ತಾಗಿ, ಕಂಡೂ ಕಾಣದಷ್ಟು ನಿಂತು, ತಕ್ಷಣ ಚೆಂಡು ಹಿಂದಕ್ಕೆ ಬರುತ್ತದೆ. ಜಿಗಿತದ ವೇಗ ಮೈಯಲ್ಲಿ ಇನ್ನೂ ಉಳಿದಿರುತ್ತದೆ. ಎದುರಾಳಿ ಮಾತ್ರ ನಿಂತಲ್ಲಿಂದ ಹೊರಡಬೇಕು, ಅದೂ ಯಾವ ಕಡೆಗೆ ಅಂತ ಗೊತ್ತಾಗುವ ಮುಂಚೆ. ತೂಕದ ಕೊರತೆಯನ್ನು ವೇಗ ತುಂಬಿತು. ಇದು ಎಷ್ಟು ಜಾಸ್ತಿ ಕೆಲಸ ಮಾಡಿತೆಂದರೆ, 1927ರಲ್ಲಿ ಶಿಫ್ಟ್ ಆದಮೇಲೆ ಪೂರ್ತಿ ಒಂದು ಸೆಕೆಂಡು ನಿಲ್ಲಲೇಬೇಕು ಅಂತ ನಿಯಮ ಬಂತು. ನನ್ನ ನೆನಪಿನ ಗುರುತು ಇದೇ: ಆ ಒಂದು ಸೆಕೆಂಡು ಕಿತ್ತುಕೊಂಡರೆ ಶಿಫ್ಟ್ ಅರ್ಥವಾಗುತ್ತದೆ.

1925ರ ಜನವರಿ 1ರ ರೋಸ್ ಬೌಲ್ ಎಂಬ ಪಂದ್ಯದಲ್ಲಿ ಸ್ಟ್ಯಾನ್‌ಫರ್ಡ್ ವಿರುದ್ಧ 27-10ರ ಗೆಲುವು. ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಲೇಡನ್‌ನದು, ಅದರಲ್ಲಿ ಎರಡು ಎದುರಾಳಿಯ ಪಾಸ್ ಹಿಡಿದು ಓಡಿದ್ದು.

ಮುಂದಿನ ಆ ಏಳು ಬೀಜಗಳನ್ನು ಮರೆಯಬೇಡಿ. ಅವರಿಗೆ ‘ಏಳು ಹೇಸರಗತ್ತೆಗಳು’ ಎಂಬ ಹೆಸರಿತ್ತು. ಸೆಂಟರ್ ಆಡಮ್ ವಾಲ್ಶ್ ತಂಡದ ನಾಯಕ. ಈ ಆಟದಲ್ಲಿ ಅವನು ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಎಸೆದು, ಈಗಷ್ಟೇ ಜಾಗ ಬದಲಿಸಿದವನ ಕೈಗೆ ಸರಿಯಾಗಿ ತಲುಪಿಸಬೇಕು. ಆರ್ಮಿ ವಿರುದ್ಧ ಅವನು ಆಡಿದ್ದು ಎರಡೂ ಕೈಗಳ ಮೂಳೆ ಮುರಿದುಕೊಂಡು.