ಬೇಡದ ಗುಂಪಿನ ಮೇಲ್: ಯಾವ ವಿಳಾಸಕ್ಕೆ ಬರ್ತಿದೆ ಅಂತ ಮೊದಲು ನೋಡಿ

ಹೋದ ಮಳೆಗಾಲದಲ್ಲಿ ನೀರ್ಚಾಲಿನ ಒಬ್ಬರು ನಿವೃತ್ತ ಮಾಷ್ಟ್ರು ಬದಿಯಡ್ಕದ ನನ್ನ ಅಂಗಡಿಗೆ ಬಂದರು. ಬೆಂಗಳೂರಿನಲ್ಲಿರುವ ಮಗಳ ಮೇಲ್ ಬರ್ತಾ ಇಲ್ಲ, ಕಳಿಸಿದ್ದೆಲ್ಲ ಅವಳಿಗೇ ವಾಪಸ್ ಹೋಗ್ತದಂತೆ, ಫೋನ್ ಹಾಳಾಗಿದೆಯೋ ನೋಡಿ ಅಂದರು.

ಫೋನಿಗೆ ಏನೂ ಆಗಿರಲಿಲ್ಲ. ಜಿಮೇಲ್ ತುಂಬಿಹೋಗಿತ್ತು, ಅಷ್ಟೇ. ಗೂಗಲ್ ಪುಕ್ಕಟೆಯಾಗಿ ಕೊಡುವುದು 15 ಜಿಬಿ. ಮೇಲ್, ಡ್ರೈವ್, ಫೋಟೋ ಎಲ್ಲ ಅದರಲ್ಲೇ ಹಿಡಿಯಬೇಕು. ಅದು ತುಂಬಿದ ಮೇಲೆ ಹೊಸ ಮೇಲ್ ಒಳಗೆ ಬರುವುದಿಲ್ಲ. ಏನು ತುಂಬಿದೆ ಅಂತ ತೆರೆದು ನೋಡಿದರೆ ಬರೀ ಗುಂಪಿನ ಮೇಲ್‌ಗಳು, ಅಂದರೆ ಒಂದೇ ವಿಳಾಸಕ್ಕೆ ಬರೆದರೆ ಗುಂಪಿನವರಿಗೆಲ್ಲ ಹೋಗುವಂಥವು. ಹಳೆ ವಿದ್ಯಾರ್ಥಿಗಳದ್ದೊಂದು, ಯಕ್ಷಗಾನದ್ದೊಂದು, ಅಡಿಕೆ ಬೆಳೆಗಾರರದ್ದೊಂದು, ಜೊತೆಗೆ ಅವರು ಯಾವತ್ತೂ ಸೇರದ ಒಂದು ಷೇರು ಮಾರ್ಕೆಟ್ ಗುಂಪು. ಒಬ್ಬರು ದೊಡ್ಡ ದೊಡ್ಡ ಫೋಟೋ ಹಾಕುತ್ತಾರೆ, ಇಪ್ಪತ್ತು ಜನ ಅದಕ್ಕೆ ‘ಚೆನ್ನಾಗಿದೆ’ ಅಂತ ಬರೆಯುತ್ತಾರೆ, ಆ ಇಪ್ಪತ್ತೂ ಇವರ ಪೆಟ್ಟಿಗೆಗೆ ಬಂದು ಬೀಳುತ್ತವೆ.

‘ನನ್ನ ಹೆಸರು ತೆಗೆಯಿರಿ ಅಂತ ಎಷ್ಟು ಸಲ ಬರೆದೆ ಮಾರಾಯ್ರೇ’ ಅಂದರು ಮಾಷ್ಟ್ರು. ಬರೆದದ್ದು ಹೌದು. ಆದರೆ ಗುಂಪಿನ ಮೇಲ್‌ಗೇ ಉತ್ತರವಾಗಿ ಬರೆದಿದ್ದರು. ಅದು ಗುಂಪು ನಡೆಸುವವರಿಗೆ ಮಾತ್ರ ಹೋಗಲಿಲ್ಲ, ಎಲ್ಲ ಸದಸ್ಯರಿಗೂ ಹೋಯಿತು. ಅದನ್ನು ನೋಡಿ ಇನ್ನೂ ನಾಲ್ಕು ಜನ ‘ನನ್ನದೂ ತೆಗೆಯಿರಿ’ ಅಂತ ಬರೆದರು. ಈ ತಪ್ಪನ್ನು ನಾನು ವಾರಕ್ಕೊಂದಾದರೂ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ.

ನೀವೇ ಸೇರಿದ ಗುಂಪಾದರೆ ಸರಿಯಾದ ದಾರಿಯಲ್ಲೇ ಹೊರಗೆ ಬನ್ನಿ. ಮೇಲ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಇಲ್ಲವೇ ಮೇಲೆ ಕಳಿಸಿದವರ ಹೆಸರಿನ ಪಕ್ಕದಲ್ಲಿ ಅನ್‌ಸಬ್‌ಸ್ಕ್ರೈಬ್ (ಗುಂಪು ಬಿಡುತ್ತೇನೆ) ಅಂತ ಇರುತ್ತದೆ. ಗೂಗಲಿನವರ ಗುಂಪು ಮೇಲ್ ಸೇವೆಯಾದ ಗೂಗಲ್ ಗ್ರೂಪ್ಸ್ ಆದರೆ ಇನ್ನೊಂದು ಉಪಾಯವಿದೆ: ಗುಂಪಿನ ವಿಳಾಸದಲ್ಲಿ ಹೆಸರು ಮುಗಿದ ಕೂಡಲೇ, ಅಟ್ ಚಿಹ್ನೆಗಿಂತ ಮೊದಲು, ಒಂದು ಪ್ಲಸ್ ಹಾಕಿ ಅನ್‌ಸಬ್‌ಸ್ಕ್ರೈಬ್ ಅಂತ ಇಂಗ್ಲಿಷಿನಲ್ಲಿ ಸೇರಿಸಿ, ಆ ವಿಳಾಸಕ್ಕೆ ಒಂದು ಖಾಲಿ ಮೇಲ್ ಕಳಿಸಿ. ಬೇರೆ ಕೆಲವು ಗುಂಪುಗಳು ‘ನಿಜವಾಗಿ ಬಿಡುತ್ತೀರಾ’ ಅಂತ ತಿರುಗಿ ಒಂದು ಮೇಲ್ ಕಳಿಸುತ್ತವೆ. ಜನ ಅದನ್ನೂ ಕಸ ಅಂತ ಅಳಿಸಿಬಿಡುತ್ತಾರೆ! ಅದಕ್ಕೆ ಒಪ್ಪಿಗೆ ಕೊಡುವವರೆಗೆ ನೀವು ಗುಂಪಿನ ಒಳಗೇ ಇರುತ್ತೀರಿ.

ಮಾಷ್ಟ್ರ ಕಷ್ಟ ಬೇರೆಯೇ ಇತ್ತು. ಹಳೆ ವಿದ್ಯಾರ್ಥಿಗಳ ಗುಂಪಿನಿಂದ ಹೊರಗೆ ಬರಲು ಹೋದರೆ ‘ನೀವು ಸದಸ್ಯರೇ ಅಲ್ಲ’ ಅಂತ ಉತ್ತರ ಬರುತ್ತಿತ್ತು. ಸದಸ್ಯರಲ್ಲದಿದ್ದರೆ ಮೇಲ್ ಬರುವುದು ಹೇಗೆ? ಹೀಗಾದಾಗ ನಾನು ಮೊದಲು ನೋಡುವುದು ಮೇಲ್ ಯಾವ ವಿಳಾಸಕ್ಕೆ ಹೊರಟಿದೆ ಅನ್ನುವುದನ್ನು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಆ ಮೇಲ್‌ನ ಬಲಗಡೆ ಇರುವ ಮೂರು ಚುಕ್ಕೆ ಒತ್ತಿ ಶೋ ಒರಿಜಿನಲ್ ಅನ್ನುವುದನ್ನು ಆರಿಸಿದರೆ ಉದ್ದಕ್ಕೆ ಅರ್ಥವಾಗದ ಸಾಲುಗಳು ಬರುತ್ತವೆ, ಹೆದರಬೇಡಿ, ನಿಮಗೆ ಬೇಕಾದದ್ದು ಎರಡೇ. ಡೆಲಿವರ್ಡ್ ಟು ಅನ್ನುವ ಸಾಲು ಒಂದು. ಅದು ಎರಡು ಮೂರು ಕಡೆ ಇದ್ದರೆ ಮೇಲ್ ಒಂದು ವಿಳಾಸಕ್ಕೆ ಬಂದು ಅಲ್ಲಿಂದ ಇನ್ನೊಂದಕ್ಕೆ ದಾಟುತ್ತಿದೆ ಎಂದು ತಿಳಿಯಿರಿ. ಇನ್ನೊಂದು ಲಿಸ್ಟ್ ಅನ್‌ಸಬ್‌ಸ್ಕ್ರೈಬ್ ಅನ್ನುವ ಸಾಲು. ಗುಂಪು ಬಿಡುವ ದಾರಿ ಅಲ್ಲೇ ಬರೆದಿರುತ್ತದೆ, 1998ರಿಂದ ಇರುವ ಪದ್ಧತಿ ಅದು.

ನೋಡಿದರೆ, ಮಾಷ್ಟ್ರು ಮೊದಲು ಮಾಡಿಸಿದ್ದ ಒಂದು ಹಳೆ ವಿಳಾಸಕ್ಕೆ ಗುಂಪಿನ ಮೇಲ್ ಹೋಗುತ್ತಿತ್ತು. ಮಗ ಯಾವಾಗಲೋ ಅದನ್ನು ಹೊಸದಕ್ಕೆ ಫಾರ್ವರ್ಡ್ ಆಗುವ ಹಾಗೆ ಮಾಡಿಟ್ಟಿದ್ದ. ಗುಂಪಿನ ಪಟ್ಟಿಯಲ್ಲಿ ಇದ್ದದ್ದು ಹಳೆಯದು, ಇವರು ಬಿಡುತ್ತೇನೆ ಅಂತ ಬರೆಯುತ್ತಿದ್ದದ್ದು ಹೊಸದರಿಂದ. ಹೊಂದಾಣಿಕೆ ಆಗುವುದಾದರೂ ಹೇಗೆ? ಹಳೆಯದರ ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಕೊನೆಗೆ ಗುಂಪು ನಡೆಸುವವರಿಗೆ ಮಾತ್ರ ಹೋಗುವ ಹಾಗೆ ಒಂದು ಮೇಲ್ ಬರೆದು, ತೆಗೆಯಬೇಕಾದ ಹಳೆ ವಿಳಾಸವನ್ನು ಸ್ಪಷ್ಟವಾಗಿ ಹೇಳಿದೆವು. ಮಾರನೇ ದಿನವೇ ತೆಗೆದರು.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಒಂದು ನಿಯಮ ತಂದಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರು ತಮ್ಮ ಪ್ರಚಾರದ ಮೇಲ್‌ಗಳಿಂದ ಒಂದೇ ಒತ್ತಿಗೆ ಬಿಡಲು ಅವಕಾಶ ಕೊಡಬೇಕು, ಎರಡು ದಿನದೊಳಗೆ ನಿಲ್ಲಿಸಬೇಕು. ಅಂಗಡಿ, ಕಂಪೆನಿಗಳ ಮೇಲ್‌ಗೆ ಇದರಿಂದ ತುಂಬ ಅನುಕೂಲವಾಗಿದೆ. ನಮ್ಮ ಊರಿನ ಇನ್ನೂರು ಮುನ್ನೂರು ಜನರ ಗುಂಪು ಆ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಅಲ್ಲಿ ನಾವೇ ಕೈಹಾಕಬೇಕು.

ಷೇರು ಮಾರ್ಕೆಟ್ ಗುಂಪಿನ ವಿಷಯ ಬೇರೆ. ಗೊತ್ತಿಲ್ಲದವರು ನಿಮ್ಮನ್ನು ಸೇರಿಸಿ ದುಡ್ಡು ಡಬಲ್ ಅಂತ ಕಳಿಸುತ್ತಿದ್ದರೆ ಅದರೊಳಗಿನ ಯಾವ ಲಿಂಕನ್ನೂ ಒತ್ತಬೇಡಿ, ಅನ್‌ಸಬ್‌ಸ್ಕ್ರೈಬ್ ಅಂತ ಬರೆದಿದ್ದರೂ ಸಹ. ಒತ್ತಿದರೆ ಈ ವಿಳಾಸದಲ್ಲಿ ಮನುಷ್ಯ ಇದ್ದಾನೆ ಅಂತ ಅವರಿಗೆ ಗೊತ್ತಾಗುತ್ತದೆ. ರಿಪೋರ್ಟ್ ಸ್ಪ್ಯಾಮ್ ಒತ್ತಿ ಸುಮ್ನಿರಿ. ಗೂಗಲ್ ಗ್ರೂಪ್ಸಿನ ಸೆಟ್ಟಿಂಗ್ಸಿಗೆ ಹೋದರೆ ಗುಂಪಿನವರು ನಿಮ್ಮನ್ನು ನೇರವಾಗಿ ಸೇರಿಸಬಹುದು ಅನ್ನುವ ಒಂದು ಆಯ್ಕೆ ಇದೆ, ಅದನ್ನು ಇವತ್ತೇ ತೆಗೆದುಹಾಕಿ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆ ಪಡುತ್ತ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆದರೆ ಬೇಸರವಾಯಿತು ಅಂತ ಒಳ್ಳೆಯ ಗುಂಪನ್ನೂ ಸ್ಪ್ಯಾಮ್‌ಗೆ ಹಾಕಬೇಡಿ. ಪೆರ್ಲದ ಒಬ್ಬರು ಕೃಷಿಕರು ಅಡಿಕೆ ಗುಂಪಿಗೆ ಹಾಗೆ ಮಾಡಿದ್ದರು. ಆಮೇಲೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಸಮಯದ ಚರ್ಚೆಯೆಲ್ಲ ಸ್ಪ್ಯಾಮಿನಲ್ಲೇ ಉಳಿಯಿತು, 30 ದಿನ ಕಳೆದ ಮೇಲೆ ತಾನಾಗಿ ಅಳಿಸಿಹೋಯಿತು. ಅಂಥ ಗುಂಪಿಗೆ ಡೈಜೆಸ್ಟ್ ಸಾಕು. ಗೂಗಲ್ ಗ್ರೂಪ್ಸಿನಲ್ಲಿ ಅದನ್ನು ಆರಿಸಿದರೆ 25 ಮೇಲ್‌ಗಳವರೆಗೆ ಒಂದರಲ್ಲೇ ಸೇರಿ ಬರುತ್ತವೆ. ಒಂದೇ ಒಂದು ಚರ್ಚೆ ತಲೆ ತಿನ್ನುತ್ತಿದ್ದರೆ ಅದನ್ನು ಮಾತ್ರ ಮ್ಯೂಟ್ ಮಾಡಿ, ಅಂದರೆ ಅದರ ಹೊಸ ಉತ್ತರಗಳು ಇನ್‌ಬಾಕ್ಸಿನಲ್ಲಿ ಕಾಣದ ಹಾಗೆ ಮಾಡಿ.

ಇನ್ನೊಂದು ಮಾತು ನಮ್ಮ ಕಾಸರಗೋಡಿನವರಿಗೆ. ಇಲ್ಲಿ ಎಷ್ಟೋ ಫೋನುಗಳು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ, ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಯಾವ ಬಟನ್ ಏನು ಅಂತ ತಿಳಿಯದೆ ಒತ್ತುತ್ತಾರೆ. ಭಾಷೆ ಬದಲಿಸಿದರೆ ಬಟನ್‌ಗಳೆಲ್ಲ ಕನ್ನಡದಲ್ಲೇ ಬರುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ಐದು ನಿಮಿಷ ಕೂತು ಅದೊಂದನ್ನು ಮಾಡಿಕೊಡಿ ಅಂತ ಕೇಳಿಕೊಳ್ಳುತ್ತೇನೆ.

ಮಾಷ್ಟ್ರ ಹಳೆ ಮೇಲ್‌ಗಳನ್ನು ಗುಂಪಿನ ಹೆಸರು ಹಾಕಿ ಹುಡುಕಿ ಒಟ್ಟಿಗೆ ಅಳಿಸಿದೆವು. ಅಳಿಸಿದ್ದು ಬಿನ್‌ನಲ್ಲಿ 30 ದಿನ ಕೂತಿರುತ್ತದೆ, ಅದನ್ನೂ ಖಾಲಿ ಮಾಡಿದರೆ ಮಾತ್ರ ಬೇಗ ಜಾಗ ಸಿಗುತ್ತದೆ. ಯಕ್ಷಗಾನದ ಗುಂಪು ಬಿಡಲು ಅವರಿಗೆ ಮನಸ್ಸಿರಲಿಲ್ಲ, ಅದನ್ನು ಡೈಜೆಸ್ಟಿಗೆ ಹಾಕಿಕೊಟ್ಟೆ. ಅಂಗಡಿಯಲ್ಲೇ ಕೂತು ಮಗಳಿಗೆ ಫೋನ್ ಮಾಡಿದರು, ಇನ್ನೊಮ್ಮೆ ಕಳಿಸು ಅಂತ.