ಪಾಪನಿವೇದನೆ ಮಾಡಿದ ಮೇಲೂ ತಪ್ಪಿತಸ್ಥ ಭಾವ ಹೋಗದಿದ್ದರೆ?

ಓದುಗರ ಪ್ರಶ್ನೆ: ಗುರುಗಳ ಮುಂದೆ ಪಾಪನಿವೇದನೆ ಮಾಡಿ ಚರ್ಚಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಸಂಶಯ ಶುರುವಾಗುತ್ತದೆ. ಒಂದು ಪಾಪವನ್ನು ಸರಿಯಾಗಿ ಹೇಳಲಿಲ್ಲವೇನೋ, ನಿಜವಾದ ಪಶ್ಚಾತ್ತಾಪ ಇರಲಿಲ್ಲವೇನೋ ಅನ್ನಿಸುತ್ತದೆ. ಮತ್ತೆ ಹೋಗಿ ಹೇಳಿದರೂ ಅದೇ ಪಾಡು. ಈಗೀಗ ಪರಮಪ್ರಸಾದ (ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸಲೂ ಭಯವಾಗುತ್ತಿದೆ. ದೇವರು ನನ್ನನ್ನು ಕ್ಷಮಿಸಿಲ್ಲವೇ? ನನ್ನ ವಿಶ್ವಾಸ ಅಷ್ಟು ದುರ್ಬಲವೇ?

ಕ್ಷಮಿಸಿದ್ದಾರೆ. ಇದು ನಿಮಗೆ ಹೊಸ ವಿಷಯವೇನಲ್ಲ. ಗುರುಗಳು ಪಾಪವಿಮೋಚನೆಯ ಮಾತುಗಳನ್ನು ಹೇಳಿದಾಗಲೇ ಕೇಳಿಸಿಕೊಂಡಿದ್ದೀರಿ. ಆದರೂ ಅದೇ ಉತ್ತರವನ್ನು ಇನ್ನೊಬ್ಬರ ಬಾಯಿಂದ ಕೇಳಬೇಕು ಅನ್ನಿಸುತ್ತಿದೆಯಲ್ಲ, ನಾವು ನೋಡಬೇಕಾದದ್ದು ಅದನ್ನೇ.

ಪವಿತ್ರ ವಾರದಲ್ಲಿ ಯಾವುದೇ ದೊಡ್ಡ ಚರ್ಚಿಗೆ ಹೋದರೆ ಪಾಪನಿವೇದನೆಯ ಉದ್ದನೆಯ ಸಾಲು ಕಾಣುತ್ತದೆ. ಅದರಲ್ಲಿ ಒಬ್ಬಿಬ್ಬರು ಮೊಣಕಾಲೂರಿ ಎದ್ದು, ಬೆಂಚಿನಲ್ಲಿ ಕುಳಿತು ಪ್ರಾಯಶ್ಚಿತ್ತದ ಜಪ ಮುಗಿಸಿ, ಸ್ವಲ್ಪ ಹೊತ್ತು ಚಡಪಡಿಸಿ, ಪುನಃ ಅದೇ ಸಾಲಿನ ಕೊನೆಗೆ ಬಂದು ನಿಲ್ಲುತ್ತಾರೆ. ಕೈಯಲ್ಲಿ ಮಡಚಿದ ಚೀಟಿ, ಅದರಲ್ಲಿ ಸಣ್ಣ ಅಕ್ಷರದ ಪಟ್ಟಿ. ನೋಡುವವರಿಗೆ ಇದು ಭಕ್ತಿಯಂತೆ ಕಾಣುತ್ತದೆ. ಒಳಗಿರುವವರಿಗೆ ಅದು ಎಂಥ ಹಿಂಸೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಈ ಹಿಂಸೆಯನ್ನು ಚೆನ್ನಾಗಿ ಬಲ್ಲವರೊಬ್ಬರಿದ್ದರು: ಲೊಯೋಲದ ಸಂತ ಇಗ್ನೇಷಿಯಸ್. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ ಯೇಸುಸಭೆಯ ಸ್ಥಾಪಕರು ಇವರೇ. 1521ರಲ್ಲಿ ಪಾಂಪ್ಲೋನದ ಕದನದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು, ಹಾಸಿಗೆಯಲ್ಲಿದ್ದಾಗ ಮನಸ್ಸು ತಿರುಗಿದ ಸೈನಿಕ. ಮರುವರ್ಷ ಮೊಂಟ್ಸೆರಾಟ್ ಮಠಕ್ಕೆ ಹೋಗಿ, ಜೀವಮಾನದ ಪಾಪಗಳನ್ನೆಲ್ಲ ಬರೆದುಕೊಂಡು ಮೂರು ದಿನ ಪಾಪನಿವೇದನೆ ಮಾಡಿದರು. ಇಷ್ಟಾದ ಮೇಲೆ ನೆಮ್ಮದಿ ಸಿಗಬೇಕಿತ್ತು. ಆದರೆ ಪಕ್ಕದ ಮಾನ್ರೇಸ ಪಟ್ಟಣದಲ್ಲಿ ಉಳಿದ ತಿಂಗಳುಗಳಲ್ಲಿ ‘ಅದೊಂದನ್ನು ಹೇಳಲಿಲ್ಲ, ಇದೊಂದು ಬಿಟ್ಟುಹೋಯಿತು’ ಎಂಬ ಕಾಟ ಶುರುವಾಯಿತು. ಮತ್ತೆ ಮತ್ತೆ ನಿವೇದಿಸಿದರು. ದಿನಕ್ಕೆ ಏಳು ತಾಸು ಮೊಣಕಾಲೂರಿ ಪ್ರಾರ್ಥಿಸಿದರೂ ಪ್ರಯೋಜನವಾಗಲಿಲ್ಲ.

ಕೊನೆಗೆ ಅವರ ಗುರುಗಳು, ಬಹಳ ಸ್ಪಷ್ಟವಾಗಿರುವ ಪಾಪವನ್ನು ಬಿಟ್ಟು ಹಳೆಯದು ಯಾವುದನ್ನೂ ಹೇಳಬೇಡ ಎಂದು ಅಪ್ಪಣೆ ಕೊಟ್ಟರು. ಕೇಳಲು ಒಳ್ಳೆಯ ಸಲಹೆಯೇ. ಆದರೆ ಇಗ್ನೇಷಿಯಸರಿಗೆ ಎಲ್ಲ ಪಾಪಗಳೂ ಬಹಳ ಸ್ಪಷ್ಟವಾಗಿಯೇ ಕಾಣುತ್ತಿದ್ದವು! ಹಾಗಾಗಿ ಆ ಅಪ್ಪಣೆಯಿಂದ ಏನೂ ಉಪಯೋಗವಾಗಲಿಲ್ಲ. ಈ ಬಾಧೆಯ ಬುದ್ಧಿವಂತಿಕೆಯೇ ಹಾಗೆ. ನೀವು ಸಾಸಿವೆಯಷ್ಟು ಸಂದು ಬಿಟ್ಟರೂ ಅಲ್ಲಿಂದಲೇ ಒಳಗೆ ಬರುತ್ತದೆ. ತಂಗಿದ್ದ ಕೋಣೆಯ ಬಳಿಯ ದೊಡ್ಡ ಕಂಡಿಯಿಂದ ಹಾರಿ ಸತ್ತುಬಿಡಬೇಕೆಂಬ ಆಲೋಚನೆಯೂ ಆಗ ಅವರಿಗೆ ಬಂದಿತ್ತು. ದೇವರು ಕರುಣೆ ತೋರುವವರೆಗೆ ಉಣ್ಣುವುದಿಲ್ಲ ಎಂದು ಒಂದು ವಾರ ಉಪವಾಸ ಕೂತರು. ಗುರುಗಳು ಗದರಿಸಿ ಉಪವಾಸ ಬಿಡಿಸಿದರು. ಎರಡು ದಿನ ಶಾಂತಿ ಇತ್ತು. ಮೂರನೆಯ ದಿನ ಹಳೆಯ ಕಾಟವೇ ಮರಳಿ ಬಂತು. ಆಗ ಅವರಿಗೆ ಹೊಳೆಯಿತು: ಈ ಸಂಶಯ ಬಂದ ದಾರಿ ದೇವರದ್ದಲ್ಲ. ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದೇ ಇಲ್ಲ ಎಂದು ತೀರ್ಮಾನಿಸಿದರು. ಬಿಡುಗಡೆಯಾದದ್ದು ಅಂದಿನಿಂದಲೇ ಎಂದು ತಮ್ಮ ಆತ್ಮಕಥನದಲ್ಲಿ ಹೇಳಿದ್ದಾರೆ.

ಇಲ್ಲಿ ಗಮನಿಸಿ: ಅವರಿಗೆ ಮೊದಲು ಖಚಿತತೆ ಸಿಕ್ಕಿ ಆಮೇಲೆ ನಿವೇದನೆ ನಿಂತದ್ದಲ್ಲ. ನಿಲ್ಲಿಸಿದರು, ನೆಮ್ಮದಿ ಆಮೇಲೆ ಬಂತು. ನಿಮ್ಮಂಥವರು ಬಹುಮಟ್ಟಿಗೆ ಇದಕ್ಕೆ ತದ್ವಿರುದ್ಧವಾಗಿ ಕಾಯುತ್ತಿರುತ್ತೀರಿ: ಮನಸ್ಸು ಪೂರ್ತಿ ಹಗುರವಾದ ಮೇಲೆ ಬಿಡೋಣ ಎಂದು. ಆ ದಿನ ಬರುವುದಿಲ್ಲ.

ಇಗ್ನೇಷಿಯಸರು ಮುಂದೆ ಬರೆದ ಆಧ್ಯಾತ್ಮಿಕ ಸಾಧನೆಯ ಕೈಪಿಡಿಗೆ 1548ರಲ್ಲಿ ಪೋಪ್ ಅವರ ಮನ್ನಣೆ ಸಿಕ್ಕಿತು. ಅದರಲ್ಲಿ ಈ ಬಾಧೆಯ ಬಗ್ಗೆಯೇ ಕೆಲವು ಟಿಪ್ಪಣಿಗಳಿವೆ. ವೈರಿಯು, ಅಂದರೆ ಸೈತಾನನು, ಒರಟು ಮನಸ್ಸಿನವರನ್ನು ಇನ್ನಷ್ಟು ಒರಟು ಮಾಡುತ್ತಾನೆ, ನಾಜೂಕು ಮನಸ್ಸಿನವರನ್ನು ಅತಿ ನಾಜೂಕು ಮಾಡಿ ಕಂಗೆಡಿಸುತ್ತಾನೆ. ಆದ್ದರಿಂದ ಅವನು ಎತ್ತ ಎಳೆಯುತ್ತಾನೋ ಅದಕ್ಕೆ ಎದುರು ದಿಕ್ಕಿಗೆ ನಡೆಯಬೇಕು ಎನ್ನುತ್ತಾರೆ. ಒರಟು ಮನಸ್ಸಿನವನಿಗೆ ಹೇಳಬೇಕಾದ ಬುದ್ಧಿಮಾತನ್ನು ನಿಮಗೆ ಹೇಳಿದರೆ ಅದು ವಿಷವೇ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ವಾಟ್ಸಾಪಿನಲ್ಲಿ ಹರಿದಾಡುವ ಉದ್ದುದ್ದ ಆತ್ಮಪರಿಶೋಧನೆಯ ಪಟ್ಟಿಗಳನ್ನು ನೀವು ತೆರೆಯಲೇಬಾರದು ಎನ್ನುವುದು ಇದಕ್ಕೇ. ನರಕದ ವರ್ಣನೆಯಲ್ಲೇ ಮುಳುಗಿರುವ ಪ್ರವಚನದ ವಿಡಿಯೊಗಳನ್ನೂ ಅಷ್ಟೇ.

ಇನ್ನು ಧರ್ಮಸಭೆಯ ಬೋಧನೆ. ಮಾರಕ ಪಾಪವಾಗಬೇಕಾದರೆ ವಿಷಯ ಗಂಭೀರವಾಗಿರಬೇಕು, ತಿಳಿದಿರಬೇಕು, ಮನಸಾರೆ ಒಪ್ಪಿ ಮಾಡಿರಬೇಕು. ಮೂರೂ ಕೂಡಿ ಬರಬೇಕು. ಪ್ರಾರ್ಥನೆಯ ನಡುವೆ ಕರೆಯದೆ ನುಗ್ಗುವ ಹೊಲಸು ಚಿತ್ರ, ದೇವದೂಷಣೆಯ ಮಾತು, ಇವುಗಳಿಗೆ ನಿಮ್ಮ ಒಪ್ಪಿಗೆಯೇ ಇಲ್ಲ. ನಿಮಗೆ ಅವುಗಳಿಂದ ಆಗುವ ಗಾಬರಿಯೇ ಅದಕ್ಕೆ ಸಾಕ್ಷಿ. ಪ್ರಾಮಾಣಿಕವಾಗಿ ನಿವೇದಿಸುವಾಗ ಮರೆತುಹೋದ ಪಾಪವೂ ಕ್ಷಮಿಸಲ್ಪಟ್ಟಿದೆ. ಅದು ಗಂಭೀರವಾದದ್ದಾಗಿದ್ದು ಆಮೇಲೆ ನೆನಪಾದರೆ ಮುಂದಿನ ಸಲ ಹೇಳಿದರೆ ಸಾಕು. ಆದರೆ ಸಂಶಯಬಾಧೆ ಇರುವವರಿಗೆ ಈ ನಿಯಮವನ್ನೂ ಸಡಿಲಿಸಿ, ಹಳೆಯದನ್ನು ಕೆದಕಬೇಡ ಎಂದು ಗುರುಗಳು ಹೇಳಬಹುದು. ಹೇಳಿದರೆ ಅದನ್ನು ಪಾಲಿಸಿ. ಪಶ್ಚಾತ್ತಾಪವೆಂದರೆ ಕಣ್ಣೀರು ಬರಲೇಬೇಕು, ಎದೆ ಹಗುರಾಗಲೇಬೇಕು ಎಂದೂ ಇಲ್ಲ. ಯೊವಾನ್ನನ ಮೊದಲ ಪತ್ರದ ಮೂರನೆಯ ಅಧ್ಯಾಯ ಓದಿ: ನಮ್ಮ ಹೃದಯವೇ ನಮ್ಮನ್ನು ದೋಷಿಯೆಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವರು ಎಂಬ ಮಾತು ಅಲ್ಲಿದೆ. ತೀರ್ಪು ಕೊಡುವ ಅಧಿಕಾರ ನಿಮ್ಮ ಭಾವನೆಗಿಲ್ಲ.

ಮಾಡಬೇಕಾದದ್ದು ಏನೆಂದರೆ, ಒಬ್ಬರೇ ಗುರುಗಳನ್ನು ಹಿಡಿಯಿರಿ. ಈ ಊರಿನವರು ಸಮಾಧಾನ ಹೇಳಲಿಲ್ಲವೆಂದು ಆ ಊರಿನ ಧ್ಯಾನಕೂಟಕ್ಕೆ ಓಡುವುದು ರೋಗವನ್ನು ಸಾಕುವುದೇ ಸರಿ. ಮೊದಲ ಭೇಟಿಯಲ್ಲೇ ‘ನನಗೆ ಹೀಗೊಂದು ಸಂಶಯದ ಕಾಟವಿದೆ’ ಎಂದು ನೇರವಾಗಿ ತಿಳಿಸಿ. ಗೊತ್ತಿಲ್ಲದ ಗುರುಗಳು ನಿಮ್ಮನ್ನು ಎಲ್ಲರಂತೆಯೇ ಎಂದು ಭಾವಿಸಿ, ಇನ್ನೂ ಚೆನ್ನಾಗಿ ಪರಿಶೋಧಿಸಿಕೊಳ್ಳಿ ಎಂದುಬಿಟ್ಟಾರು! ಎಷ್ಟು ದಿನಕ್ಕೊಮ್ಮೆ ನಿವೇದನೆ ಎಂಬುದನ್ನು ಅವರೇ ಗೊತ್ತುಮಾಡಲಿ. ನಡುವೆ ಸಂಶಯ ಬಂದರೆ ಅದನ್ನು ವಾದಿಸಿ ಗೆಲ್ಲಲು ಹೋಗಬೇಡಿ. ಬಂದಿದೆ, ಇರಲಿ ಎಂದು ಬಲಿಪೂಜೆಯಲ್ಲಿ ಎದ್ದುಹೋಗಿ ಪರಮಪ್ರಸಾದ ಸ್ವೀಕರಿಸಿ. ಕೈಕಾಲು ನಡುಗಿದರೂ ಸರಿಯೇ.

ವೈದ್ಯರ ವಿಷಯಕ್ಕೆ ಬಂದರೆ, ಇದು ಹಲವರಲ್ಲಿ ಗೀಳು ಮನೋರೋಗದ (ಒಸಿಡಿ) ಒಂದು ರೂಪ. ಕೈ ತೊಳೆದಷ್ಟೂ ಕೊಳಕು ಉಳಿದಿದೆ ಅನ್ನಿಸುವವರಿಗೂ ನಿಮಗೂ ಒಳಗಿನ ಯಂತ್ರ ಒಂದೇ. ಅದಕ್ಕೆ ಮಾತ್ರೆಗಳಿವೆ. ಭಯ ಹುಟ್ಟಿಸುವ ಸಂದರ್ಭವನ್ನು ಎದುರಿಸುತ್ತಾ, ತೊಳೆಯುವ ಅಥವಾ ಕೇಳುವ ಚಟವನ್ನು ತಡೆಹಿಡಿಯಲು ಕಲಿಸುವ ಚಿಕಿತ್ಸೆಯೂ ಇದೆ. ಮಾನ್ರೇಸದಲ್ಲಿ ಇಗ್ನೇಷಿಯಸರು ತಾವಾಗಿ ಕಂಡುಕೊಂಡ ದಾರಿ ಇದಕ್ಕೆ ಎಷ್ಟು ಹತ್ತಿರವಾಗಿದೆ ನೋಡಿ. ಊಟ, ನಿದ್ದೆ, ಕೆಲಸ ಕೆಡುವಷ್ಟು ಕಾಟವಿದ್ದರೆ ಮನೋವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ. ಬದುಕೇ ಬೇಡ ಅನ್ನಿಸಿದರೆ ಆ ಕ್ಷಣವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರೊಟೆಸ್ಟೆಂಟ್ ಓದುಗರು ಇದು ಕಥೋಲಿಕರ ತಾಪತ್ರಯ ಎಂದುಕೊಳ್ಳುವಂತಿಲ್ಲ. ಮುಂದೆ ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ, ಆಗ ಜರ್ಮನಿಯ ಎರ್ಫರ್ಟಿನ ಮಠದಲ್ಲಿದ್ದ ಯುವ ಮಾರ್ಟಿನ್ ಲೂಥರರೂ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಬಳಲಿದವರೇ. ನಿನ್ನನ್ನು ನೋಡಿಕೊಳ್ಳುವುದು ಬಿಟ್ಟು ಕ್ರಿಸ್ತನ ಗಾಯಗಳನ್ನು ನೋಡು ಎಂದು ಅವರಿಗೆ ದಾರಿ ತೋರಿದವರು ಅವರ ಮೇಲಧಿಕಾರಿ ಸ್ಟೌಪಿಟ್ಸ್. ‘ನಾನು ನಿಜವಾಗಿ ರಕ್ಷಣೆ ಹೊಂದಿದ್ದೇನೆಯೇ’ ಎಂದು ಪ್ರತಿ ಸಭೆಯಲ್ಲೂ ಹೊಸದಾಗಿ ಕೈ ಎತ್ತುವವರ ಸಂಕಟ ಇದೇ ಜಾತಿಯದ್ದು. ಗುರುಗಳ ಜಾಗದಲ್ಲಿ ಸಭಾಪಾಲಕರು, ಉಳಿದದ್ದೆಲ್ಲ ಇದೇ.

ಮನೆಯವರಿಗೂ ಒಂದು ಮಾತು. ‘ಅದು ಪಾಪವಲ್ಲ ಅಲ್ಲವೇ?’ ಎಂದು ಈ ಕಾಟವಿರುವವರು ದಿನಕ್ಕೆ ಹತ್ತು ಸಲ ಕೇಳಿದರೆ ಹತ್ತು ಸಲವೂ ಸಮಾಧಾನ ಹೇಳುವುದು ಪ್ರೀತಿಯಂತೆ ಕಂಡರೂ ಕಾಟ ಬೆಳೆಯುವುದು ಅದರಿಂದಲೇ. ಒಮ್ಮೆ ಉತ್ತರಿಸಿ. ಎರಡನೆಯ ಸಲ ‘ಇದಕ್ಕೆ ಫಾದರ್ ಏನು ಹೇಳಿದ್ದಾರೆ?’ ಎಂದು ಮೆಲ್ಲಗೆ ಕೇಳಿ, ಸಂತೆಗೋ ತೋಟಕ್ಕೋ ಜೊತೆಗೆ ಕರೆದುಕೊಂಡು ಹೊರಡಿ.