ಚೇಸ್ ಬೇಕಿತ್ತೋ, ಸೂಯೆಲ್ ಬೇಕಿತ್ತೋ? ಡ್ರಾಫ್ಟ್‌ನಲ್ಲಿ ಯಾವ ಸ್ಥಾನಕ್ಕೆ ಮೊದಲ ಮಣೆ

ಓದುಗರ ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್ ಹತ್ತಿರ ಬಂತೆಂದರೆ ಅಭಿಮಾನಿಗಳ ನಡುವೆ ಒಂದೇ ಜಗಳ. ಒಬ್ಬರು ಎದುರಾಳಿಗಳನ್ನು ತಡೆಯುವ ಲೈನ್ ಗಟ್ಟಿ ಮಾಡಿ ಅಂತಾರೆ. ಇನ್ನೊಬ್ಬರು ಎಸೆದ ಚೆಂಡು ಹಿಡಿಯುವ ರಿಸೀವರ್ ತನ್ನಿ ಅಂತಾರೆ. ಮತ್ತೊಬ್ಬರು ಇರುವವರಲ್ಲಿ ಚೆನ್ನಾಗಿ ಆಡುವವನನ್ನು ತಗೊಳ್ಳಿ, ಸ್ಥಾನ ಆಮೇಲೆ ನೋಡೋಣ ಅಂತಾರೆ. ನಿಜಕ್ಕೂ ತಂಡ ಯಾವ ಸ್ಥಾನಕ್ಕೆ ಮೊದಲು ಆಟಗಾರನನ್ನು ಆರಿಸಬೇಕು?

ಉತ್ತರ: ಈ ಜಗಳದ ಮಾತು ಬಂದಾಗಲೆಲ್ಲ ನನಗೆ 2021ರ ಸಿನ್ಸಿನಾಟಿ ಬೆಂಗಲ್ಸ್ ತಂಡ ನೆನಪಾಗುತ್ತದೆ. ಎರಡೂ ಕಡೆಯವರ ಮಾತು ಅಷ್ಟು ಸರಿಯಾಗಿದ್ದ ಚರ್ಚೆಯನ್ನು ನಾನು ಬೇರೆ ಕಂಡಿಲ್ಲ. ಅದಕ್ಕೆ ಹೋಗುವ ಮೊದಲು ಡ್ರಾಫ್ಟ್‌ನ ನಿಯಮ ಒಂದಿಷ್ಟು ಹೇಳಿಬಿಡುತ್ತೇನೆ.

ನಮಗೆ ಐಪಿಎಲ್ ಹರಾಜು ಗೊತ್ತು. ಅಲ್ಲಿ ಯಾರು ಜಾಸ್ತಿ ದುಡ್ಡು ಕೂಗುತ್ತಾರೋ ಅವರಿಗೆ ಆಟಗಾರ. ಡ್ರಾಫ್ಟ್‌ನಲ್ಲಿ ಕೂಗುವುದಿಲ್ಲ, ಸರದಿ ಇರುತ್ತದೆ. 32 ತಂಡ, 7 ಸುತ್ತು. ಹಿಂದಿನ ಸೀಸನ್‌ನಲ್ಲಿ ತೀರಾ ಸೋತವರಿಗೆ ಮೊದಲ ಸರದಿ, ಸೂಪರ್ ಬೌಲ್ ಎಂಬ ಫೈನಲ್ ಗೆದ್ದವರಿಗೆ ಕೊನೆಯದು. ತಂಡಗಳು ತಮ್ಮ ಸರದಿಯನ್ನು ಅದಲುಬದಲು ಮಾಡಿಕೊಳ್ಳಬಹುದು. ಏಪ್ರಿಲ್ ಕೊನೆಯ ಭಾಗದ ಒಂದು ಗುರುವಾರ ರಾತ್ರಿ ಅಮೆರಿಕದಲ್ಲಿ ಮೊದಲ ಸುತ್ತು ಶುರುವಾಗುವಾಗ ಬೆಂಗಳೂರಿನಲ್ಲಿ ಶುಕ್ರವಾರ ಬೆಳಗಿನ 5:30. ಕಾಫಿ ಲೋಟ ಹಿಡಿದು ನೋಡುವುದಕ್ಕೆ ಹೇಳಿ ಮಾಡಿಸಿದ ಹೊತ್ತು.

ಇದರಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿ ಸಂಬಳದ್ದು. ಹೊಸ ಆಟಗಾರನ ಸಂಬಳ ಅವನ ಸ್ಥಾನ ನೋಡಿ ನಿಗದಿಯಾಗುವುದಿಲ್ಲ. ಎಷ್ಟನೇ ಸರದಿಯಲ್ಲಿ ಬಂದ ಅನ್ನುವುದರ ಮೇಲೆ ನಿಗದಿಯಾಗುತ್ತದೆ. ಮೊದಲು ಹೀಗಿರಲಿಲ್ಲ. 2010ರಲ್ಲಿ ಮೊದಲನೆಯವನಾಗಿ ಬಂದ ಸ್ಯಾಮ್ ಬ್ರಾಡ್‌ಫರ್ಡ್‌ಗೆ 6 ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಸಿಕ್ಕಿತು. ಅದರಲ್ಲಿ 5 ಕೋಟಿ ಖಾತ್ರಿ. 2011ರಲ್ಲಿ ನಿಯಮ ಬದಲಾಯಿತು. ಆ ವರ್ಷ ಮೊದಲು ಬಂದ ಕ್ಯಾಮ್ ನ್ಯೂಟನ್‌ಗೆ 4 ವರ್ಷಕ್ಕೆ ಸುಮಾರು 2.2 ಕೋಟಿ ಅಷ್ಟೇ. ಅಂದಿನಿಂದ 5ನೇ ಸರದಿಯಲ್ಲಿ ಬಂದವನು ರಿಸೀವರ್ ಆದರೂ ಲೈನ್‌ನ ಒಳಭಾಗದಲ್ಲಿ ನಿಲ್ಲುವ ಗಾರ್ಡ್ ಆದರೂ ಸಂಬಳ ಹೆಚ್ಚುಕಡಿಮೆ ಒಂದೇ. ಸ್ಥಾನದ ಚರ್ಚೆ ಇಷ್ಟು ಬಿಸಿಯಾಗಿರುವುದಕ್ಕೆ ಇದೇ ಕಾರಣ. ಬೆಲೆ ಒಂದೇ ಆದಮೇಲೆ ಹೊರಗೆ ಯಾವುದು ದುಬಾರಿಯೋ ಅದನ್ನು ಇಲ್ಲಿ ತಗೊಳ್ಳುವುದು ಜಾಣತನ, ಅಲ್ವಾ?

ಯಾವ ಸ್ಥಾನ ದುಬಾರಿ ಅಂತ ತಿಳಿಯಲು ಒಂದು ಸುಲಭದ ಅಳತೆ ಇದೆ. ಒಪ್ಪಂದ ಮುಗಿದ ಒಬ್ಬ ಆಟಗಾರನನ್ನು ಬಿಟ್ಟುಕೊಡಲು ತಂಡಕ್ಕೆ ಇಷ್ಟವಿಲ್ಲದಿದ್ದರೆ ಒಂದು ವರ್ಷ ಹಿಡಿದಿಟ್ಟುಕೊಳ್ಳಬಹುದು. ಇದಕ್ಕೆ ಫ್ರಾಂಚೈಸ್ ಟ್ಯಾಗ್ ಅಂತಾರೆ. ಆ ಸ್ಥಾನದ ದೊಡ್ಡ ಸಂಬಳಗಳನ್ನು ಆಧರಿಸಿ ಅದರ ಮೊತ್ತ ಲೆಕ್ಕ ಹಾಕುತ್ತಾರೆ. 2024ರಲ್ಲಿ ಅದು ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ಸುಮಾರು 3.8 ಕೋಟಿ ಡಾಲರ್. ವೈಡ್ ರಿಸೀವರ್‌ಗೂ ಆಫೆನ್ಸಿವ್ ಲೈನ್‌ನವರಿಗೂ 2 ಕೋಟಿಯ ಮೇಲೆ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗೆ ಸುಮಾರು 1.2 ಕೋಟಿ. ಚೆಂಡು ಒದೆಯುವ ಕಿಕ್ಕರ್‌ಗೆ ಅದರ ಅರ್ಧ. ಆ ವರ್ಷ ಇಡೀ ತಂಡದ ಸಂಬಳದ ಮಿತಿ 25.5 ಕೋಟಿ ಇತ್ತು. ಹಾಗಾಗಿ ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು ಡ್ರಾಫ್ಟ್‌ನಲ್ಲೇ ಗಿಟ್ಟಿಸಿಕೊಂಡ ತಂಡಕ್ಕೆ ನಾಲ್ಕು ವರ್ಷ ಕೈ ಬಿಚ್ಚಿ ಖರ್ಚು ಮಾಡುವ ಅವಕಾಶ ಸಿಗುತ್ತದೆ. 2024ರ ಮೊದಲ 12 ಸರದಿಗಳಲ್ಲಿ 6 ಜನ ಕ್ವಾರ್ಟರ್‌ಬ್ಯಾಕ್‌ಗಳು ಹೋದದ್ದು ಸುಮ್ನೆ ಅಲ್ಲ.

ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡಕ್ಕೆ ಹೆಚ್ಚು ಯೋಚನೆ ಬೇಕಿಲ್ಲ. ಒಳ್ಳೆಯವನು ಸಿಕ್ಕರೆ ತಗೊಳ್ಳಬೇಕು. ಕಷ್ಟ ಇರುವುದು ಕ್ವಾರ್ಟರ್‌ಬ್ಯಾಕ್ ಆಗಲೇ ಇರುವ ತಂಡಕ್ಕೆ.

ಬೆಂಗಲ್ಸ್ ಅಂಥ ತಂಡ. 2020ರಲ್ಲಿ ಮೊದಲ ಸರದಿಯಲ್ಲೇ ಜೋ ಬರೋ ಬಂದಿದ್ದ. ನವೆಂಬರ್‌ನಲ್ಲಿ ವಾಷಿಂಗ್ಟನ್ ವಿರುದ್ಧದ ಪಂದ್ಯದಲ್ಲಿ ಅವನ ಮೊಣಕಾಲಿನ ಲಿಗಮೆಂಟ್‌ಗಳು ಹರಿದವು. ಗಾಡಿಯಲ್ಲಿ ಕೂರಿಸಿ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ತಂಡ ಆ ಸೀಸನ್ನಿನಲ್ಲಿ ಗೆದ್ದದ್ದು 4 ಪಂದ್ಯ. ಮುಂದಿನ ಡ್ರಾಫ್ಟ್‌ನಲ್ಲಿ 5ನೇ ಸರದಿ ಬಂತು. ಅಲ್ಲಿ ಇಬ್ಬರು ಉಳಿದಿದ್ದರು. ಒಬ್ಬ ಆರೆಗನ್ ವಿಶ್ವವಿದ್ಯಾಲಯದ ಟ್ಯಾಕಲ್ ಪೆನೇ ಸೂಯೆಲ್. ಅಂದರೆ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಎರಗುವವರನ್ನು ಅಂಚಿನಲ್ಲಿ ನಿಂತು ತಡೆಯುವವನು. ಇನ್ನೊಬ್ಬ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ರಿಸೀವರ್ ಜಮಾರ್ ಚೇಸ್. 2019ರಲ್ಲಿ ಇದೇ ಬರೋ ಎಸೆದ ಚೆಂಡುಗಳನ್ನು ಹಿಡಿದು 1,780 ಗಜ, 20 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಮಾಡಿದ್ದವನು.

ಅಭಿಮಾನಿಗಳು ಎರಡು ಪಾಲಾದರು. ಸೂಯೆಲ್ ಬೇಕು ಅಂದವರ ಕಣ್ಣಲ್ಲಿ ಆ ಗಾಡಿಯ ಚಿತ್ರವಿತ್ತು. ಕಾವಲಿಲ್ಲದ ಹೊಲದಲ್ಲಿ ಎಂಥ ಬೆಳೆ ಬೆಳೆದು ಏನು ಬಂತು ಅನ್ನುವ ಸಂಕಟ ಅವರದು. ಚೇಸ್ ಬೇಕು ಅಂದವರ ವಾದ ಬೇರೆ. ಆ ವರ್ಷ ಒಳ್ಳೆಯ ಟ್ಯಾಕಲ್‌ಗಳು ಎರಡನೇ ಸುತ್ತಿನಲ್ಲೂ ಸಿಗುತ್ತಾರೆ. ಆದರೆ ಚೇಸ್‌ನಂಥ ರಿಸೀವರ್ ಎರಡನೇ ಸುತ್ತಿಗೆ ಉಳಿಯುವುದಿಲ್ಲ. ಈ ವಾದದಲ್ಲಿ ತುಂಬಾ ಹುರುಳಿದೆ. ಈಗ ಇದನ್ನು ಬಿಟ್ಟರೆ ನನ್ನ ಮುಂದಿನ ಸರದಿಯಲ್ಲಿ ಇದೇ ಸ್ಥಾನಕ್ಕೆ ಯಾರು ಸಿಗುತ್ತಾರೆ, ಆ ಇಬ್ಬರ ನಡುವೆ ಅಂತರ ಎಷ್ಟು ಅಂತ ಕೇಳಿಕೊಳ್ಳಬೇಕು. ಅಂತರ ದೊಡ್ಡದಿರುವ ಸ್ಥಾನವೇ ಮೊದಲು. ಅಭಿಮಾನಿಗಳ ಚರ್ಚೆಯಲ್ಲಿ ಬಹಳ ಸಲ ಈ ಪ್ರಶ್ನೆಯೇ ಬರುವುದಿಲ್ಲ.

ಬೆಂಗಲ್ಸ್ ಚೇಸ್‌ನನ್ನು ತೆಗೆದುಕೊಂಡಿತು. ಎರಡು ಸರದಿ ಆದಮೇಲೆ ಸೂಯೆಲ್ ಡೆಟ್ರಾಯಿಟ್ ಲಯನ್ಸ್ ಪಾಲಾದ.

ಮೊದಲ ಸೀಸನ್‌ನಲ್ಲೇ ಚೇಸ್ 1,455 ಗಜ, 13 ಟಚ್‌ಡೌನ್ ಮಾಡಿದ. ಚೀಫ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 266 ಗಜ. ತಂಡ 10 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಯಿತು. ಆದರೆ ಸೂಯೆಲ್ ಕಡೆಯವರ ಭಯವೂ ನಿಜವಾಯಿತು. ಲೀಗ್ ಪಂದ್ಯಗಳಲ್ಲೇ ಬರೋನನ್ನು 51 ಸಲ ಕೆಡವಿದರು. ಲೀಗಿನಲ್ಲಿ ಅದೇ ಅತಿ ಹೆಚ್ಚು. ಟೈಟನ್ಸ್ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ 9 ಸಲ ಬಿದ್ದರೂ 19–16ರಲ್ಲಿ ಗೆದ್ದರು. ಕೊನೆಯ ಕ್ಷಣದಲ್ಲಿ 52 ಗಜ ದೂರದಿಂದ ಚೆಂಡು ಒದ್ದು ಗೆಲ್ಲಿಸಿದ ಇವಾನ್ ಮ್ಯಾಕ್‌ಫರ್ಸನ್ ಅದೇ ಡ್ರಾಫ್ಟ್‌ನ 5ನೇ ಸುತ್ತಿನಲ್ಲಿ ಬಂದವನು. ಕಿಕ್ಕರ್‌ಗೆ ಅದೇ ಸರಿಯಾದ ಜಾಗ. 2016ರಲ್ಲಿ ಟ್ಯಾಂಪಾ ಬೇ ಎರಡನೇ ಸುತ್ತಿನಲ್ಲೇ ಕಿಕ್ಕರ್ ರಾಬರ್ಟೊ ಅಗ್ವಾಯೊನನ್ನು ಆರಿಸಿತು. ಮುಂದಿನ ಸೀಸನ್ ಶುರುವಾಗುವ ಮೊದಲೇ ಅವನನ್ನು ಬಿಟ್ಟುಬಿಟ್ಟಿತು.

2022ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ರ‍್ಯಾಮ್ಸ್ ಬರೋನನ್ನು 7 ಸಲ ಕೆಡವಿತು. 20–23ರ ಹಿನ್ನಡೆ, ಒಂದು ನಿಮಿಷವೂ ಉಳಿದಿಲ್ಲ, ನಾಲ್ಕನೆಯ, ಅಂದರೆ ಕೊನೆಯ ಪ್ರಯತ್ನ, ಬೇಕಾದದ್ದು ಒಂದು ಗಜ. ಚೇಸ್ ತನ್ನನ್ನು ಕಾಯುತ್ತಿದ್ದವನನ್ನು ಹಿಂದೆ ಹಾಕಿ ದೂರದಲ್ಲಿ ಓಡುತ್ತಿದ್ದ. ಅವನ ಕಡೆ ನೋಡಲು ಬರೋಗೆ ಪುರುಸೊತ್ತೇ ಸಿಗಲಿಲ್ಲ. ಎದುರಾಳಿ ತಂಡದ ಏರನ್ ಡೊನಾಲ್ಡ್ ಬಂದು ಹಿಡಿದುಬಿಟ್ಟಿದ್ದ. ಎಸೆದ ಚೆಂಡು ನೆಲಕ್ಕೆ ಬಿತ್ತು, ಪಂದ್ಯ ಮುಗಿಯಿತು.

ನೋಡಿ, ಸೂಯೆಲ್ ಇರಬೇಕಿತ್ತು ಅಂತ ಅನೇಕರು ಅಂದರು. ನಾನು ಆ ಆಟವನ್ನು ಮತ್ತೆ ಮತ್ತೆ ನೋಡಿದ್ದೇನೆ. ಡೊನಾಲ್ಡ್ ನುಗ್ಗಿದ್ದು ಟ್ಯಾಕಲ್ ನಿಲ್ಲುವ ಅಂಚಿನಿಂದ ಅಲ್ಲ. ಒಳಗೆ ಗಾರ್ಡ್‌ನನ್ನು ದಾಟಿ ಬಂದದ್ದು. ಈ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಈಗ ರನ್ನಿಂಗ್ ಬ್ಯಾಕ್ ವಿಷಯ. 2018ರಲ್ಲಿ ನ್ಯೂಯಾರ್ಕ್ ಜಯಂಟ್ಸ್ 2ನೇ ಸರದಿಯಲ್ಲಿ ಸೇಕ್ವಾನ್ ಬಾರ್ಕ್ಲಿಯನ್ನು ಆರಿಸಿತು. ಅದೇ ಡ್ರಾಫ್ಟ್‌ನ 7ನೇ ಸರದಿಯಲ್ಲಿ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್, 32ನೆಯದರಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಹೋದರು. ಬಾರ್ಕ್ಲಿ ಅದ್ಭುತ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅವನಿದ್ದ ಆರು ಸೀಸನ್‌ನಲ್ಲಿ ಜಯಂಟ್ಸ್ ಗೆದ್ದದ್ದು ಒಂದೇ ಒಂದು ಪ್ಲೇಆಫ್ ಪಂದ್ಯ. 2024ರಲ್ಲಿ ಅವನು ಫಿಲಡೆಲ್ಫಿಯಾ ಈಗಲ್ಸ್‌ಗೆ ಹೋದ. 2,005 ಗಜ ಓಡಿದ, ಸೂಪರ್ ಬೌಲ್ ಗೆದ್ದ. ಆಟಗಾರ ಅವನೇ, ಮುಂದೆ ದಾರಿ ಬಿಡಿಸುವ ಲೈನ್ ಬೇರೆ. ಈಗಲ್ಸ್ ಅವನಿಗಾಗಿ ಮೊದಲ ಸುತ್ತಿನ ಸರದಿ ಖರ್ಚು ಮಾಡಲಿಲ್ಲ. ಸಂಬಳ ಕೊಟ್ಟು ಕರೆದುಕೊಂಡು ಬಂತು.

ಹಾಗಂತ ಇದನ್ನು ಕಲ್ಲಿನ ಮೇಲೆ ಕೆತ್ತಿದ ನಿಯಮ ಅಂದುಕೊಳ್ಳಬೇಡಿ. 2023ರಲ್ಲಿ ಲಯನ್ಸ್ 12ನೇ ಸರದಿಯಲ್ಲಿ ರನ್ನಿಂಗ್ ಬ್ಯಾಕ್ ಜಮೀರ್ ಗಿಬ್ಸ್‌ನನ್ನು ತೆಗೆದುಕೊಂಡಾಗ ತುಂಬಾ ಜನ ಬೈದರು. ಆದರೆ ಅವನ ಮುಂದೆ ಸೂಯೆಲ್ ಇದ್ದ ಗಟ್ಟಿ ಲೈನ್ ಆಗಲೇ ತಯಾರಾಗಿತ್ತು. ಗಿಬ್ಸ್ ಬಂದ ವರ್ಷವೇ ಲಯನ್ಸ್ ಸೂಪರ್ ಬೌಲ್‌ಗೆ ಒಂದು ಮೆಟ್ಟಿಲು ಕೆಳಗಿನವರೆಗೆ ಹೋಯಿತು. ಮನೆ ಕಟ್ಟಿದ ಮೇಲೆ ಬಣ್ಣ ಹೊಡೆಯಬಹುದು.

ಹಾಗಾದರೆ ಕೊರತೆಯನ್ನು ನೋಡಲೇಬಾರದಾ? ನೋಡಬೇಕು, ಆದರೆ ಈ ವರ್ಷದ ಕೊರತೆಯನ್ನು ಮಾತ್ರ ಅಲ್ಲ. 2020ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಅಭಿಮಾನಿಗಳಿಗೆ ಬೇಕಾಗಿದ್ದದ್ದು ತಮ್ಮ ಕ್ವಾರ್ಟರ್‌ಬ್ಯಾಕ್ ಏರನ್ ರಾಜರ್ಸ್‌ಗೆ ಇನ್ನೊಬ್ಬ ರಿಸೀವರ್. ತಂಡ 30ರಿಂದ 26ನೇ ಸರದಿಗೆ ಹತ್ತಿ ತಂದದ್ದು ಜಾರ್ಡನ್ ಲವ್ ಎಂಬ ಹೊಸ ಕ್ವಾರ್ಟರ್‌ಬ್ಯಾಕ್‌ನನ್ನು! ಆ ಡ್ರಾಫ್ಟ್ ಪೂರ್ತಿ ಒಬ್ಬ ರಿಸೀವರ್‌ನನ್ನೂ ಆರಿಸಲಿಲ್ಲ. ರಾಜರ್ಸ್ ಮುಂದಿನ ಎರಡೂ ಸೀಸನ್ ಎಂವಿಪಿ, ಅಂದರೆ ಲೀಗಿನ ಅತ್ಯಮೂಲ್ಯ ಆಟಗಾರ ಆದ. ಎರಡು ಸಲವೂ ತಂಡ ಪ್ಲೇಆಫ್‌ನಲ್ಲಿ ಸೋತಿತು. ಇನ್ನೊಬ್ಬ ರಿಸೀವರ್ ಇದ್ದಿದ್ದರೆ ಅಂತ ಆ ಅಭಿಮಾನಿಗಳಿಗೆ ಇವತ್ತಿಗೂ ಅನಿಸುತ್ತದೆ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ 2023ರಲ್ಲಿ ರಾಜರ್ಸ್ ಹೋದಮೇಲೆ ಲವ್ ಅದೇ ವರ್ಷ ತಂಡವನ್ನು ಪ್ಲೇಆಫ್‌ಗೆ ತಂದು, ಡಲ್ಲಾಸ್‌ನಲ್ಲಿ ಕೌಬಾಯ್ಸ್ ತಂಡವನ್ನು 48–32ರಲ್ಲಿ ಸೋಲಿಸಿದ. ನನ್ನ ಲೆಕ್ಕದಲ್ಲಿ ತಂಡ ಮಾಡಿದ್ದು ಸರಿ. ಡ್ರಾಫ್ಟ್‌ನಲ್ಲಿ ಬರುವವನು ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ. ಅವನು ಕೈಗೆ ಬರುವುದು ಎರಡು ಮೂರು ವರ್ಷಕ್ಕೆ. ಈ ವರ್ಷದ ತೂತನ್ನು ಮಾರ್ಚ್‌ನಲ್ಲಿ ಅನುಭವಸ್ಥರನ್ನು ದುಡ್ಡು ಕೊಟ್ಟು ತಂದು ಮುಚ್ಚಬೇಕು.

ಇನ್ನೊಂದು ಮಾತು. ಯಾವ ಹುಡುಗ ದೊಡ್ಡ ಆಟಗಾರ ಆಗುತ್ತಾನೆ ಅಂತ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಕೇಡ್ ಮ್ಯಾಸಿ ಮತ್ತು ಆಮೇಲೆ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇದನ್ನು ಅಧ್ಯಯನ ಮಾಡಿದ್ದಾರೆ. ಒಂದು ಸ್ಥಾನಕ್ಕೆ ಮೊದಲು ಆಯ್ಕೆಯಾದವನು ಅದೇ ಸ್ಥಾನಕ್ಕೆ ಅವನ ನಂತರ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಮಾತ್ರ ಜಾಸ್ತಿ ಎಂದು ಕಂಡುಕೊಂಡರು. ದಿಗ್ಗಜ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಬಂದದ್ದು 199ನೆಯವನಾಗಿ. ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ 2022ರ ಡ್ರಾಫ್ಟ್‌ನ ಕಟ್ಟಕಡೆಯವನು, 262ನೆಯವನು. ಆದ್ದರಿಂದ ಒಬ್ಬ ಹುಡುಗನಿಗಾಗಿ ನಾಲ್ಕೈದು ಸರದಿ ಬಿಟ್ಟುಕೊಟ್ಟು ಮೇಲೆ ಹತ್ತುವುದು, ಅವನು ಕ್ವಾರ್ಟರ್‌ಬ್ಯಾಕ್ ಅಲ್ಲದಿದ್ದರೆ, ನನಗೆ ಒಪ್ಪಿಗೆಯಿಲ್ಲ.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ. ಕ್ವಾರ್ಟರ್‌ಬ್ಯಾಕ್ ಇಲ್ಲದಿದ್ದರೆ ಅದೇ ಮೊದಲು. ಇದ್ದರೆ ಹೊರಗೆ ದುಬಾರಿಯಾದ, ಅಪರೂಪದ ಸ್ಥಾನಗಳು: ಟ್ಯಾಕಲ್, ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಹತ್ತುವ ಎಡ್ಜ್ ರಶರ್, ರಿಸೀವರ್, ಎದುರಾಳಿ ರಿಸೀವರ್‌ನನ್ನು ಕಾಯುವ ಕಾರ್ನರ್‌ಬ್ಯಾಕ್. ಇವರಲ್ಲಿ ಯಾರು ಎಂಬುದನ್ನು ಮುಂದಿನ ಸರದಿಯಲ್ಲಿ ಏನು ಉಳಿಯುತ್ತದೆ ಅನ್ನುವುದು ತೀರ್ಮಾನಿಸಬೇಕು. ಇಬ್ಬರು ಸರಿಸಮ ಕಂಡರೆ ಆಗ ಕೊರತೆ ನೋಡಿ.

ಹಾಗೆ ನೋಡಿದರೆ 5ನೇ ಸರದಿಯಲ್ಲಿ ಚೇಸ್ ಸರಿಯಾದ ಆಯ್ಕೆ. ಇವತ್ತು ಆ ಕುರ್ಚಿಯಲ್ಲಿ ಕೂರಿಸಿದರೂ ನಾನು ಅವನ ಹೆಸರನ್ನೇ ಹೇಳುತ್ತೇನೆ. 2025ರಲ್ಲಿ ಬೆಂಗಲ್ಸ್ ಅವನನ್ನು ಉಳಿಸಿಕೊಳ್ಳಲು 4 ವರ್ಷಕ್ಕೆ 16.1 ಕೋಟಿ ಡಾಲರ್ ಕೊಡಬೇಕಾಯಿತು. ಅಂಥ ಆಟಗಾರ ಮೊದಲ ನಾಲ್ಕು ವರ್ಷ ಸುಮಾರು 3 ಕೋಟಿಗೆ ಆಡಿದ.

ತಪ್ಪಾದದ್ದು ಎರಡನೇ ಸುತ್ತಿನಲ್ಲಿ. ಲೈನ್ ಅನ್ನು ಆಮೇಲೆ ಕಟ್ಟುತ್ತೇವೆ ಅಂದವರು ಆಮೇಲೆ ಕಟ್ಟಲೇಬೇಕಿತ್ತು. ಬೆಂಗಲ್ಸ್‌ಗೆ 38ನೇ ಸರದಿ ಇತ್ತು. ಅದನ್ನು ಬಿಟ್ಟುಕೊಟ್ಟು 46ಕ್ಕೆ ಇಳಿದು ಜಾಕ್ಸನ್ ಕಾರ್ಮನ್‌ನನ್ನು ಆರಿಸಿತು. ಅವನು ಲೈನ್‌ನಲ್ಲಿ ನೆಲೆ ನಿಲ್ಲಲಿಲ್ಲ. ಅದೇ ಸುತ್ತಿನ 63ನೇ ಸರದಿಯಲ್ಲಿ ಚೀಫ್ಸ್ ಸೆಂಟರ್ ಕ್ರೀಡ್ ಹಂಫ್ರಿಯನ್ನು ಆರಿಸಿತು. 6ನೇ ಸುತ್ತಿನ 226ರಲ್ಲಿ ಗಾರ್ಡ್ ಟ್ರೇ ಸ್ಮಿತ್. ಇಬ್ಬರೂ ಒಳಭಾಗದಲ್ಲಿ, ಅಂದರೆ ಡೊನಾಲ್ಡ್ ಬರೋ ಮೇಲೆ ನುಗ್ಗಿ ಬಂದ ಜಾಗದಲ್ಲಿ ನಿಲ್ಲುವವರು. 2021ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಲೈನ್ ಕುಸಿದು 9–31ರಲ್ಲಿ ಸೋತಿದ್ದ ಚೀಫ್ಸ್ ಅದೇ ವಸಂತದಲ್ಲಿ ಗಾರ್ಡ್ ಜೋ ಥೂನಿಯನ್ನು ಸಂಬಳ ಕೊಟ್ಟು, ಟ್ಯಾಕಲ್ ಒರ್ಲ್ಯಾಂಡೊ ಬ್ರೌನ್‌ನನ್ನು ಮೊದಲ ಸುತ್ತಿನ ಸರದಿ ಕೊಟ್ಟು ತಂದಿತ್ತು. ಎರಡು ವರ್ಷದ ನಂತರ ಮತ್ತೊಂದು ಸೂಪರ್ ಬೌಲ್. ಎದುರಿಗೆ ಆ ಸೀಸನ್‌ನಲ್ಲಿ 70 ಸಲ ಕ್ವಾರ್ಟರ್‌ಬ್ಯಾಕ್‌ಗಳನ್ನು ಕೆಡವಿದ್ದ ಈಗಲ್ಸ್. ಚೀಫ್ಸ್ 38–35ರಲ್ಲಿ ಗೆದ್ದಿತು. ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಆ ರಾತ್ರಿ ಒಂದು ಸಲವೂ ಕೆಡವಲಾಗಲಿಲ್ಲ.